ಕೊಡೆ ಹಿಡಿದು ಕಲಿತ ಶಿಕಾರಿ

ನಮ್ಮ ಚಿಕ್ಕಪ್ಪನ ಕೈಯಲ್ಲಿ ಶಿಕಾರಿ ಕಲಿತವರಿಗೆ ಇಂದಿನವರೆಗೂ ಒಂದು ತರಚು ಗಾಯವೂ ಆಗಿಲ್ಲ. ಹಂದಿಗಳಿಗೂ ಆಗಿಲ್ಲ!

ಎಪ್ಪತ್ತರ ದಶಕದ ಮಾತು. ನಮ್ಮ ಮನೆ ಸಾರಕ್ಕಿಯಲ್ಲಿ, ಹೊಲ ಹುಳಿಮಾವಿನ ಆಚೆ. ಕಡಲೆಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ಕಾಡುಹಂದಿಗಳು ಬಂದು ಸಾಲಿಗೆ ಸಾಲೇ ಬಗೆದು ಹಾಕುತ್ತಿದ್ದವು. ಬೆಳೆ ಕಾಯಲೆಂದು ತಾತನ ಕಾಲದಿಂದ ಲೈಸೆನ್ಸಿದ್ದ ಒಂಟಿ ನಳಿಗೆಯ ಕೋವಿ ಮನೆಯಲ್ಲಿತ್ತು, ಹಂದಿ ಹೊಡೆಯಲು ಪರ್ಮಿಟ್ಟೂ ಇತ್ತು. ಆಗಷ್ಟೇ ಮೀಸೆ ದಪ್ಪಗಾಗಿದ್ದ ನನಗೋ ಒಂದೇ ಒಂದು ಹಂದಿಯನ್ನಾದರೂ ಹೊಡೆಯಬೇಕೆಂಬ ಆಸೆ. ಆದರೆ ಕೋವಿ ಇದ್ದದ್ದು ಚಿಕ್ಕಪ್ಪನ ಸುಪರ್ದಿನಲ್ಲಿ. ಹೊಸಬರು ಅವರ ತರಬೇತಿ ಮುಗಿಸದೆ ಅದನ್ನು ಮುಟ್ಟುವಂತಿಲ್ಲ. ತರಬೇತಿ ಯಾವಾಗ ಮುಗಿಯುತ್ತದೆ? ಅದೊಂದನ್ನು ಮಾತ್ರ ಕೇಳಬೇಡಿ!

ಮೊದಲ ವರ್ಷ ಪೂರ್ತಿ ನನ್ನ ಕೈಗೆ ಕೊಟ್ಟದ್ದು ಕೊಡೆ. ಅದನ್ನೇ ಕೋವಿಯೆಂದು ತಿಳಿದು, ಮೊನೆ ಯಾರತ್ತಲೂ ತಿರುಗದಂತೆ ಹಿಡಿದು ಬೀದಿಯಲ್ಲಿ ನಡೆಯಬೇಕು. ಬೇಲಿ ದಾಟುವ ಪಾಠಕ್ಕೆ ನಮ್ಮದೇ ಕಾಂಪೌಂಡು ಗೋಡೆ. ಮೊದಲು ಕೊಡೆಯನ್ನು ಆಚೆ ಮಲಗಿಸಬೇಕು, ಆಮೇಲೆ ಗೋಡೆ ಹತ್ತಬೇಕು. ಕೊಡೆ ಹಿಡಿದೇ ಹಾರಿದರೆ 'ಸತ್ತೆ' ಎಂದು ಘೋಷಿಸಿಬಿಡುತ್ತಿದ್ದರು. ನಾನು ಮತ್ತೆ ಮೊದಲಿನಿಂದ ಶುರು. ಪಕ್ಕದಲ್ಲೇ ಗೇಟು ಹಾರುಹೊಡೆದಿರುತ್ತಿತ್ತು, ಗಮನಿಸಿ! ಎದುರು ಮನೆಯವರು ನನಗೆ ಹೆಣ್ಣು ಕೊಡುವ ಯೋಚನೆ ಕೈಬಿಟ್ಟದ್ದು ಆಗಲೇ.

ಒಮ್ಮೆ ಜಯನಗರದಲ್ಲಿ ಚಿಕ್ಕಪ್ಪನ ಜೊತೆ ಹೀಗೆಯೇ ನಡೆದು ಬರುವಾಗ ಜೋರು ಮಳೆ ಹಿಡಿಯಿತು. ನಾನು ಕೊಡೆ ಬಿಚ್ಚಲು ಹೋದೆ.

"ತುಂಬಿರೋ ಕೋವೀನ ನಡುಬೀದೀಲಿ ಬಿಚ್ತಾರೇನೋ?" ಅಂದರು.

ಇಬ್ಬರೂ ತೊಪ್ಪೆಯಾಗಿ ಮನೆಗೆ ಬಂದೆವು. ಕೊಡೆ ಮಾತ್ರ ಸುರಕ್ಷಿತವಾಗಿತ್ತು.

ಅಡುಗೆಮನೆಯ ಇಲಿಬೋನಿಗೂ ಪಾಠ ತಪ್ಪಲಿಲ್ಲ. ಬೋನಿನ ಬಾಯಿಗೆ ಬೆರಳಿಡಬಾರದು, ಕಡ್ಡಿಯಲ್ಲೇ ಕೊಬ್ಬರಿ ಸಿಕ್ಕಿಸಬೇಕು ಎಂದು ಮನೆಮಂದಿಯನ್ನೆಲ್ಲ ನಡುಮನೆಯಲ್ಲಿ ಕೂರಿಸಿಕೊಂಡು ವಿವರಿಸುತ್ತಿದ್ದರು. ಅಷ್ಟರಲ್ಲಿ ಇಲಿ ಒಳಗೆ ತಟ್ಟೆಯಲ್ಲಿದ್ದ ಕೊಬ್ಬರಿಯನ್ನೇ ಎಳೆದುಕೊಂಡು ಹೋಗಿತ್ತು.

ಎರಡನೆಯ ವರ್ಷದ ಆಯುಧಪೂಜೆಯ ರಾಮಾಯಣವನ್ನಂತೂ ಏನು ಹೇಳಲಿ! ಪೂಜೆಯ ದಿನ ಮಾತ್ರ ಖಾಲಿ ಕೋವಿ ಮುಟ್ಟಲು ನನಗೂ ಅಪ್ಪಣೆಯಿತ್ತು. ಕೋವಿಗೆ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ ದೇವರ ಮುಂದೆ ಇಡಲು ಹೋದರೆ ಚಿಕ್ಕಪ್ಪ ತಡೆದರು. ಖಾಲಿಯೆಂದು ಗೊತ್ತಿದ್ದರೂ ತುಂಬಿದೆ ಎಂದೇ ತಿಳಿಯಬೇಕಂತೆ, ನಳಿಗೆಯ ಬಾಯಿ ದೇವರ ಕಡೆ ಇರಬಾರದಂತೆ. ಎಡಕ್ಕೆ ತಿರುಗಿಸಿದೆ. ಗೋಡೆಯಾಚೆ ಚಿಕ್ಕಮ್ಮ ಹೋಳಿಗೆ ತಟ್ಟುತ್ತಿದ್ದರು. ಬಲಕ್ಕೆ ಪಕ್ಕದ ಮನೆ, ಬಾಗಿಲ ಕಡೆ ಬೀದಿ. ಮೇಲಕ್ಕೆ ಎಂದರೆ ಮಹಡಿಯಲ್ಲಿ ಬಾಡಿಗೆಗಿದ್ದ ಮೇಷ್ಟ್ರು! ಇಡೀ ಸಾರಕ್ಕಿಯಲ್ಲಿ ಜನವಿಲ್ಲದ ದಿಕ್ಕು ಯಾವುದಿದೆ ಸ್ವಾಮಿ? ಕೊನೆಗೆ ಹಿತ್ತಲಿನ ಮರಳುಗುಡ್ಡೆಯ ಕಡೆಗೆ ಬಾಯಿ ಮಾಡಿ ಕೋವಿಯನ್ನು ಮಲಗಿಸಿ, ಮಂಗಳಾರತಿ ತಟ್ಟೆಯನ್ನೇ ಅಲ್ಲಿಗೆ ಒಯ್ದೆವು. ಅಷ್ಟು ಹೊತ್ತಿಗೆ ಹೋಳಿಗೆ ತಣ್ಣಗಾಗಿ, ಚಿಕ್ಕಮ್ಮ ಬಿಸಿಯಾಗಿದ್ದರು.

ಆ ದಸರಾ ಕಳೆದ ಮೇಲೆ, ಇನ್ನೇನು ಕಡಲೆಕಾಯಿ ಕೀಳಬೇಕು ಎನ್ನುವಾಗ, ಅಂತೂ ಇಂತೂ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದರು. ಮೊದಲ ಗುಂಡು ಹಿರಿಯರದು, ಅದು ನಮ್ಮ ಮನೆಯ ಪದ್ಧತಿ. ಎರಡನೆಯದು ನನಗೆ ಎಂದಿದ್ದರು. ಬದುವಿನ ಮರೆಯಲ್ಲಿ ಕುಳಿತೆವು. ಸಂಜೆಯ ಬೆಳಕು ಇನ್ನೂ ಚೆನ್ನಾಗಿರುವಾಗಲೇ ಕೊಬ್ಬಿದ ಹಂದಿಯೊಂದು ಬಯಲಿಗೆ ಬಂದು ನಿಂತಿತು. ಹಿಂದೆ ಬರೀ ಮಣ್ಣಿನ ದಿಬ್ಬ, ನರಪಿಳ್ಳೆಯಿಲ್ಲ.

ಚಿಕ್ಕಪ್ಪ ಕೋವಿ ಎತ್ತಿದರು. ಇಳಿಸಿದರು. ಕಣ್ಣೊರೆಸಿಕೊಂಡು ಮತ್ತೆ ಎತ್ತಿದರು, ಮತ್ತೆ ಇಳಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನೂ ಯಾವ ಪಾಠ ಬಾಕಿ ಇದೆ ಈ ಮನುಷ್ಯನದು? ಹೊಡೆಯಿರಿ ಎಂದು ಪಿಸುಗುಟ್ಟಿದೆ.

"ಅದು ಹಂದೀನೇನೋ?" ಎಂದು ಕೇಳಿದರು.

ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು ಮುಖ ನೋಡಿದೆ. ಪರೀಕ್ಷೆಯಾಗಿರಲಿಲ್ಲ.

"ಹೋದ ವರ್ಷದಿಂದ ಕಣ್ಣು ಸರಿಯಾಗಿ ಕಾಣ್ತಿಲ್ಲ ಕಣೋ. ಕಪ್ಪಗೆ ಏನೋ ನಿಂತಿದೆ, ಅಷ್ಟೇ. ನಿನಗೆ ಕಾಣ್ತಿದೆಯಾ?"

ಹೌದು ಎಂದರೆ ಸಾಕು, ಕೋವಿ ನನ್ನ ಕೈಗೆ ಬರುತ್ತಿತ್ತು. ಅಷ್ಟಕ್ಕೆಂದೇ ತಾನೇ ನಾನು ಊರವರ ಮುಂದೆ ಗೋಡೆ ಹಾರಿದ್ದು! ಆದರೆ ಅವರ ಮುಖ ನೋಡಿ ಹೌದೆನ್ನಲು ಮನಸ್ಸಾಗಲಿಲ್ಲ. ಮಬ್ಬಾಗಿದೆಯಲ್ಲ, ನನಗೂ ಏನೂ ತಿಳಿಯುತ್ತಿಲ್ಲ ಎಂದೆ.

"ಕೈಯಲ್ಲಿ ಕೋವಿ ಇರುವಾಗ ಸುಳ್ಳು ಹೇಳ್ಬಾರ್ದು" ಅಂದರು. ತೋಟಾ ತೆಗೆದು ಜೇಬಿಗೆ ಹಾಕಿಕೊಂಡರು. ನಳಿಗೆ ಖಾಲಿಯಾದದ್ದನ್ನು ಬೆರಳಿಟ್ಟು ನೋಡಿ, ನನ್ನಿಂದಲೂ ನೋಡಿಸಿ, ಕೋವಿಯನ್ನು ನನ್ನ ಕೈಗಿತ್ತರು. "ಕಾಣದೇ ಇರೋನು ಇದನ್ನ ಮುಟ್ಟಬಾರ್ದು. ಇನ್ಮೇಲೆ ನಾನು ಮುಟ್ಟಲ್ಲ. ನಾಳೆಯಿಂದ ನೀನೇ ಬಾ."

ನನಗೆ ಸಂತೋಷವೇ ಆಗಲಿಲ್ಲ. ಹಂದಿ ನಮ್ಮ ಕಡಲೆಕಾಯಿಯನ್ನು ನಿರಾತಂಕವಾಗಿ ಮುಕ್ಕುತ್ತಿತ್ತು. ತಿನ್ನಲಿ ಹಾಳಾದ್ದು ಎಂದುಕೊಂಡು ಎದ್ದೆ. ಮುಂದೆ ಹೊರಟ ಚಿಕ್ಕಪ್ಪ ಸ್ವಲ್ಪ ದೂರ ಹೋಗಿ ನಿಂತರು. ತಿರುಗಿ ನೋಡದೆ ಕೈಯನ್ನು ಹಿಂದಕ್ಕೆ ಚಾಚಿದರು.

"ಸ್ವಲ್ಪ ಕೈ ಹಿಡ್ಕೊಳ್ಳೋ ಮಗ. ಬದು ಕಾಣ್ತಿಲ್ಲ."

ಹಿಡಿದುಕೊಂಡೆ. ರಸ್ತೆ ಸಿಕ್ಕ ಮೇಲೂ ನಾನು ಬಿಡಲಿಲ್ಲ.