ಬೇದಾಣಿ ಶೆಡ್ಡಿನಲ್ಲಿ ನನ್ನನ್ನು ಒಣಹಾಕಿದ್ದು

ಕಣ್ಣಾರೆ ಕಂಡದ್ದನ್ನು ಹೇಳಲು ಹೊರಟವನು ತಾನು ಎಲ್ಲಿ ನಿಂತಿದ್ದೆ ಎಂಬುದನ್ನು ಮೊದಲು ಹೇಳಬೇಕು. ನಾನು ನಿಂತಿರಲಿಲ್ಲ, ಮಲಗಿದ್ದೆ. ಅಥಣಿಯಿಂದ ಕಾಗವಾಡಕ್ಕೆ ಹೋಗುವ ದಾರಿಯಲ್ಲಿ ನಮ್ಮ ದ್ರಾಕ್ಷಿ ತೋಟವಿದೆ, ಅದರ ಮಗ್ಗುಲಲ್ಲಿ ಬೇದಾಣಿ ಶೆಡ್ಡು. ಒಣದ್ರಾಕ್ಷಿಗೆ ನಮ್ಮ ಕಡೆ ಬೇದಾಣಿ ಅನ್ನುತ್ತಾರೆ. ಹಣ್ಣು ಒಣಹಾಕಲು ಶೆಡ್ಡಿನಲ್ಲಿ ಒಂದರ ಮೇಲೊಂದು ಬಲೆ ಕಟ್ಟಿರುತ್ತದೆ. ಹೋದ ಮೇ ತಿಂಗಳ ಒಂದು ರವಿವಾರ, ಮಧ್ಯಾಹ್ನ ನಾಲ್ಕರ ಸುಮಾರಿಗೆ, ಆ ಶೆಡ್ಡಿನಲ್ಲಿ ಕೆಳಗಿನಿಂದ ಎರಡನೆಯ ಅಂತಸ್ತಿನ ಬಲೆಯ ಮೇಲೆ, ದಕ್ಷಿಣಕ್ಕೆ ತಲೆ ಇಟ್ಟು ಅಂಗಾತ ಮಲಗಿದ್ದೆ. ಮೊದಲು ಉತ್ತರಕ್ಕೆ ಇಟ್ಟಿದ್ದೆ. ಹೊರಗೆ ನಿಂತಿದ್ದ ಹೆಂಡತಿ ಶಾಂತಾ, "ಉತ್ತರಕ್ಕ ಯಾರರ ತಲಿ ಇಡ್ತಾರೇನ್ರೀ, ತಿರುಗಿ ಮಲಗ್ರಿ" ಅಂದದ್ದಕ್ಕೆ ತಿರುಗಿದೆ.

ಅಂಗಾತ ಮಲಗಿದ ಸಾಕ್ಷಿಗೆ ಕೆಲವು ಅಡಚಣೆಗಳಿವೆ. ನನ್ನ ಮೇಲಿನ ಅಂತಸ್ತಿನಲ್ಲಿ ಶಾಂತಾಳ ತಮ್ಮ, ಹಾರೂಗೇರಿಯ ಅಪ್ಪಾಸಾಬ ಮಲಗಿದ್ದ. ಕಬ್ಬು ಬೆಳೆದು, ಅದರ ಹಾಲನ್ನು ಕುಡಿದೇ ಬೆಳೆದ ದೇಹ. ಅವನ ಭಾರಕ್ಕೆ ಬಲೆ ಜೋತುಬಿದ್ದು ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ಆದ್ದರಿಂದ ಮುಂದೆ ನಾನು ಹೇಳುವುದರಲ್ಲಿ ಬಹುಪಾಲು ಕೇಳಿದ್ದು, ಸ್ವಲ್ಪ ನೋಡಿದ್ದು, ಉಳಿದದ್ದು ಅಪ್ಪಾಸಾಬ.

ನಾವಿಬ್ಬರೂ ಅಲ್ಲಿ ಮಲಗಲು ಕಾರಣ ನನ್ನ ಮಗಳು ಅಶ್ವಿನಿ. ಅವಳು ಕಲಾವಿದೆ. ಗೋಡೆಗೆ ತೂಗುಹಾಕುವ ಚಿತ್ರ ಬರೆಯುತ್ತಿದ್ದರೆ ನನಗೆ ಕಷ್ಟವಿರಲಿಲ್ಲ, ಗೋಡೆ ತೋರಿಸಿಬಿಡುತ್ತಿದ್ದೆ. ಅವಳದು ಇನ್‌ಸ್ಟಲೇಶನ್. ಒಂದು ಜಾಗವನ್ನೇ ಕೃತಿಯನ್ನಾಗಿ ಮಾಡಿ, ನೋಡುವವರನ್ನು ಅದರೊಳಗೆ ಬಿಡುವ ಕಲೆ. ಮದುವೆ ಮುಂಜಿಗಳಲ್ಲಿ "ಮಗಳು ಏನ್ ಮಾಡ್ತಾಳ್ರಿ?" ಎಂದು ಕೇಳಿದವರಿಗೆ ಇಷ್ಟೆಲ್ಲ ಹೇಳುವಷ್ಟರಲ್ಲಿ ಊಟದ ಪಂಕ್ತಿ ಏಳುತ್ತದೆ. ಅದಕ್ಕೇ ಸುಮ್ಮನೆ "ಡೆಕೋರೇಶನ್" ಅನ್ನುತ್ತಿದ್ದೆ. ರಾಯಬಾಗದ ಸಂಬಂಧಿಕರೊಬ್ಬರು ಫೋನು ಮಾಡಿ, ಮಗನ ಮದುವೆಯ ಸ್ಟೇಜಿಗೆ ಎರಡು ನವಿಲು ಬೇಕು, "ಕುತ್ತಿಗಿ ತಿರಗಸೂವಂಥಾವು ಇದ್ರ ಚಲೋ" ಎಂದ ಮೇಲೆ ಆ ಉತ್ತರವನ್ನು ಬಿಟ್ಟೆ.

ನನಗೂ ತಿಳಿಯಲೆಂದು ಅಶ್ವಿನಿ ಜಗತ್ತಿನ ದೊಡ್ಡ ದೊಡ್ಡ ಕಲಾವಿದರ ಕೆಲಸಗಳನ್ನು ಫೋನಿನಲ್ಲಿ ತೋರಿಸಿದ್ದಳು. ಒಬ್ಬರು ಒಂದು ಭಾರಿ ಹಾಲಿನೊಳಗೆ ಸೂರ್ಯನನ್ನು ಮಾಡಿಟ್ಟಿದ್ದರು. ಜನ ನೆಲದ ಮೇಲೆ ಬಿದ್ದುಕೊಂಡು ಅದನ್ನೇ ನೋಡುತ್ತಿದ್ದರು. ಚಳಿ ದೇಶದವರು, ಪಾಪ. ಗಂಡ ಹೆಂಡತಿ ಕೂಡಿ ಇಡೀ ಒಂದು ಸೇತುವೆಗೆ ಬಟ್ಟೆ ಸುತ್ತಿದ್ದರು. ನಾವು ತೋಟದ ಸುತ್ತ ಪ್ರತಿ ವರ್ಷ ಹಳೆ ಸೀರೆ ಕಟ್ಟುತ್ತೇವೆ, ನೋಡಲು ಒಬ್ಬನೂ ಟಿಕೀಟು ತೆಗೆದು ಬಂದಿಲ್ಲ. ವಯಸ್ಸಾದ ಅಜ್ಜಿಯೊಬ್ಬರು ಕೋಣೆಯ ತುಂಬ ಕನ್ನಡಿ, ದೀಪ ಹಚ್ಚಿದ್ದರು. ಒಳಗೆ ಹೋದವನು ಎತ್ತ ನೋಡಿದರೂ ತಾನೇ, ಕೊನೆಯಿಲ್ಲದಷ್ಟು ತಾನೇ. ಶಾಂತಾ ಅದನ್ನು ನೋಡಿ, "ಒಬ್ಬರನ್ನ ಸಂಬಾಳಿಸೂದ ಸಾಕಾಗೈತಿ ನನಗ" ಅಂದಳು.

ಅಶ್ವಿನಿಗೂ ಹೊರದೇಶದ ಒಂದು ಪ್ರದರ್ಶನದಿಂದ ಕರೆ ಬಂತು. ಅಲ್ಲಿ ಅವಳು ಕಟ್ಟಬೇಕೆಂದಿದ್ದದ್ದು ನಮ್ಮ ಬೇದಾಣಿ ಶೆಡ್ಡು. ನೋಡಲು ಬಂದವರು ದ್ರಾಕ್ಷಿಯ ಜಾಗದಲ್ಲಿ ಮಲಗಬೇಕು. ಮೇಲೆ ಹೊದಿಸಿದ ಹಸಿರು ನೆಟ್ಟಿನಲ್ಲಿ ಸೋಸಿ ಬರುವ ಬೆಳಕು, ಒಣಹಾಕುವ ಮೊದಲು ಹಣ್ಣು ಅದ್ದುವ ಎಣ್ಣೆಯ ವಾಸನೆ, ಬಲೆ ಹಾದು ಬರುವ ಗಾಳಿ. ಎರಡು ವರ್ಷ ಇದನ್ನೇ ಯೋಚಿಸಿದ್ದಳು. ಹಂಗಾಮು ಮುಗಿದು ಶೆಡ್ಡು ಖಾಲಿಯಾದ ಕೂಡಲೇ, ದ್ರಾಕ್ಷಿಯ ಬಲೆ ಮನುಷ್ಯರನ್ನು ತಡೆಯುವುದಿಲ್ಲವೆಂದು ಕೆಳಗೆ ಕಬ್ಬಿಣದ ಪೈಪು, ಮಂಚದ ನವಾರ ಕಟ್ಟಿಸಿ ಸಿದ್ಧ ಮಾಡಿದಳು. ಆಮೇಲೆ ನನ್ನನ್ನು ಕರೆದು ಹೇಳಿದಳು. "ಅಪ್ಪಾ, ಶೆಡ್ಡಿನಾಗ ದುಡದ ಹೆಣ್ಮಕ್ಕಳು ಮೊದಲ ನೋಡ್ಲಿ. ಅವರು ಇದೇನ್ ಹುಚ್ಚಾಟ ಅಂತ ಎದ್ದು ಹೋದ್ರ, ನಾ ಇದನ್ನ ಎಲ್ಲಿಗೂ ಒಯ್ಯಂಗಿಲ್ಲ." ಅವಳು ಒಮ್ಮೆ ಅಂದರೆ ಅಂದಳು, ಆ ಗುಣ ತಾಯಿಯ ಕಡೆಯದು. ಹೆಣ್ಣುಮಕ್ಕಳಿಗೆ ಸಂಕೋಚವಾಗದಿರಲಿ ಎಂದು ಮೊದಲು ಮಲಗಿ ತೋರಿಸುವ ಕೆಲಸ ನನಗೂ ಅಪ್ಪಾಸಾಬನಿಗೂ ಬಂತು. ಮಲಗಿದವರು ಮಾತಾಡಬಾರದು ಎಂಬುದು ಅವಳ ಒಂದೇ ನಿಯಮ.

ಆರು ಜನ ಬಂದರು. ಮುಂದೆ ಶೇಡಬಾಳದ ಗಂಗವ್ವ, ಬಹಳ ವರ್ಷಗಳಿಂದ ನಮ್ಮ ಶೆಡ್ಡಿನ ಹೆಣ್ಣಾಳುಗಳ ಮುಖಂಡಿ. ಬಾಗಿಲಲ್ಲಿ ನಿಂತು ಅವರು ನಮ್ಮನ್ನು ನೋಡಿದರು. ಬಳೆಯ ಸದ್ದು ನನ್ನ ಕಾಲ ಹತ್ತಿರ ಬಂದು ನಿಂತಿತು.

"ಸಾವಕಾರ್ರ," ಅಂದಳು ಗಂಗವ್ವ, "ಈ ವರ್ಷದ ಮಾಲ ಭಾಳ ದಪ್ಪ ಐತೆಲ್ರಿ."

ನಿಯಮ ಇದ್ದದ್ದರಿಂದ ನಾನು ಸುಮ್ಮನಿದ್ದೆ. ಅವಳ ಹಿಂದಿದ್ದ ಯಮನವ್ವ ಮೇಲಿನ ಬಲೆಯನ್ನು ಕೆಳಗಿನಿಂದ ಬೆರಳಲ್ಲಿ ಒತ್ತಿ ನೋಡಿ, "ಇದು ಇನ್ನೂ ಹಸೀನ ಐತೆಬೇ. ಹಾರೂಗೇರಿ ಮಾಲ, ನೀರ ಜಾಸ್ತಿ" ಅಂದಳು.

"ಮಾವಾರ," ಮೇಲಿನಿಂದ ಅಪ್ಪಾಸಾಬ ಪಿಸುಗುಟ್ಟಿದ, "ಇವರು ನನಗ ಅನ್ನಾಕತ್ತಾರೇನು?"

ಬೇದಾಣಿ ಒಣಗಿದ ಮೇಲೆ ಬಲೆ ಅಲುಗಾಡಿಸಿ ಕೆಳಗೆ ಉದುರಿಸುವುದು ರೂಢಿ. ಶೆಡ್ಡಿಗೆ ಬಂದ ಕೈಗಳು ರೂಢಿಯನ್ನು ಬಿಡುವುದಿಲ್ಲ. "ಒಣಗಿದ್ರ ಉದರತಾವ, ನೋಡೂಣಂತ" ಎಂದು ಗಂಗವ್ವ ಪೈಪು ಹಿಡಿದಳು. ಉಳಿದವರೂ ಹಿಡಿದರು. ಮೊದಲು ಕಾಲ ಕಡೆ ಅಲುಗಾಡಿಸಿದರು, ಆಮೇಲೆ ತಲೆ ಕಡೆ. ನಾನು ಉದುರಲಿಲ್ಲ; ನನ್ನ ಕನ್ನಡಕ ಉದುರಿತು. ಅಪ್ಪಾಸಾಬನ ಕಿಸೆಯಿಂದ ಫೋನು, ಬೀಗದ ಕೈ, ಅರ್ಧ ತಿಂದ ಶೇಂಗಾ ಚಿಕ್ಕಿ ಬಲೆಯ ಅಂಚಿನಿಂದ ಜಾರಿ ನನ್ನ ಮೇಲೆ ಬಿದ್ದವು. ಆರೂ ಜನ ಪೈಪಿಗೆ ಹಣೆ ಆನಿಸಿ ನಕ್ಕರು.

ಕನ್ನಡಕವಿಲ್ಲದ ಕಣ್ಣಿಗೂ ಬಾಗಿಲಲ್ಲಿ ನಿಂತ ಅಶ್ವಿನಿ ಕಂಡಳು. ಅವಳು ನಗುತ್ತಿರಲಿಲ್ಲ. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ಎರಡು ವರ್ಷದ ಕೆಲಸ ನಗೆಚಾಟಿಕೆಯಾಯಿತು, ಇನ್ನು ಇವಳು ನವಾರ ಬಿಚ್ಚಿಸುತ್ತಾಳೆ ಅಂದುಕೊಂಡೆ.

"ಇಳೀರಿ ಸಾವಕಾರ್ರ, ನೀವು ಒಣಗೀರಿ," ಅಂದಳು ಗಂಗವ್ವ. "ಈಗ ನಮ್ಮ ಪಾಳಿ."

ನಾವು ಇಳಿದೆವು. ಅವರು ಹತ್ತಿದರು. ಸ್ವಲ್ಪ ಹೊತ್ತು ನಗೆ, ತಳ್ಳಾಟ, "ಸರಿಬೇ ಅತ್ತಾಗ" ಎಂಬ ಮಾತು. ನಂತರ ಒಬ್ಬೊಬ್ಬರೇ ಸುಮ್ಮನಾದರು. ನವಾರ ಕಿರುಗುಟ್ಟಿತು. ಗಾಳಿಗೆ ಮೇಲಿನ ನೆಟ್ಟು ಉಬ್ಬಿ ಇಳಿದಾಗ ಬೆಳಕು ಅವರ ಮುಖಗಳ ಮೇಲೆ ಹಸಿರಾಗಿ ಸರಿದು ಹೋಗುತ್ತಿತ್ತು. ಇಷ್ಟು ವರ್ಷ ಈ ಶೆಡ್ಡು ನನ್ನದೆಂದುಕೊಂಡಿದ್ದೇನೆ. ಅಲ್ಲಿ ಹಾಗೆ ಬೆಳಕು ನಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ. ಮಗಳಿಗೆ ಗೊತ್ತಿತ್ತು.

"ಯಮನವ್ವ," ಅಂದಳು ಗಂಗವ್ವ ಮೆಲ್ಲಗೆ, "ಮಾರಿ ಮ್ಯಾಲ ಕೈಯಾಡಿಸಿಧಂಗ ಆಗತೈತೆಲ್ಲ." ಯಮನವ್ವ ಸೆರಗು ಸರಿಸಿ ಮುಖವನ್ನು ಗಾಳಿಗೆ ಒಡ್ಡಿದಳು.

ಬಹಳ ಹೊತ್ತು ಯಾರೂ ಏಳಲಿಲ್ಲ. ಅಶ್ವಿನಿಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, "ಆತೇನ್ರವ್ವಾ?" ಎಂದು ಕೇಳಿದಳು.

ಗಂಗವ್ವ ಕಣ್ಣು ತೆರೆಯಲಿಲ್ಲ. "ಅವಸರ ಮಾಡಬ್ಯಾಡ ತಂಗಿ. ಒಣಗಾಕ ಹದಿನೈದ ದಿನಾ ಬೇಕು. ಚಾ ಇದ್ರ ಇಲ್ಲೇ ಕಳಸು."

ಅಶ್ವಿನಿ ಶೆಡ್ಡಿನ ಕಂಬ ಹಿಡಿದು ನಕ್ಕಳು, ದುಪಟ್ಟಾದಿಂದ ಕಣ್ಣು ಒರೆಸಿಕೊಂಡಳು. ನಾನು ತೋಟದ ಮನೆಗೆ ಹೋಗಿ ಚಹಾಕ್ಕೆ ಇಟ್ಟೆ. ಅಲ್ಲಿ ನಿಂತರೆ ನಾನೂ ಏನಾದರೂ ಒರೆಸಿಕೊಳ್ಳಬೇಕಾಗುತ್ತಿತ್ತು. ಮಲಗಿದ್ದವರಿಗೆಲ್ಲ ನನ್ನ ಕೈಯಾರೆ ಚಹಾದ ಕಪ್ಪು ಕೊಟ್ಟೆ. ಕೃತಿ ಆಮೇಲೆ ಸಮುದ್ರ ದಾಟಿತು, ಅಲ್ಲಿನವರು ಪಾಳಿ ಹಚ್ಚಿ ಮಲಗಿದರಂತೆ. ಅದನ್ನು ನಾನು ನೋಡಿಲ್ಲ, ಆದ್ದರಿಂದ ಹೇಳುವುದಿಲ್ಲ. ಫೋಟೋ ಮಾತ್ರ ಕೇಳಿದವರಿಗೂ ಕೇಳದವರಿಗೂ ತೋರಿಸುತ್ತೇನೆ.

ನಂಬದವರು ವಿಚಾರಿಸಬಹುದು, ಕಂಡವರು ಎಲ್ಲರೂ ಬದುಕಿದ್ದಾರೆ. ಗಂಗವ್ವ ಶೇಡಬಾಳದಲ್ಲಿದ್ದಾಳೆ. ಯಮನವ್ವ ಅವಳ ಓಣಿಯಲ್ಲೇ ಇದ್ದಾಳೆ. ಅಪ್ಪಾಸಾಬ ಹಾರೂಗೇರಿಯಲ್ಲಿ ಚೆನ್ನಾಗಿಯೇ ಇದ್ದಾನೆ, ಆದರೆ ಅಲುಗಾಡಿಸಿದ್ದು ಗಾಳಿ ಎನ್ನುತ್ತಾನೆ. ಶಾಂತಾ ಇಲ್ಲೇ, ನಮ್ಮ ಮನೆಯಲ್ಲೇ ಇದ್ದಾಳೆ. ಕಲೆಯ ವಿಷಯ ಅವಳು ಹೆಚ್ಚೇನೂ ಹೇಳಲಿಲ್ಲ. ನನಗೆ ಚಹಾ ಮಾಡಲು ಬರುತ್ತದೆಂಬುದಕ್ಕೆ ಮಾತ್ರ ಕಣ್ಣಾರೆ ಕಂಡ ಸಾಕ್ಷಿ ತಾನು ಎನ್ನುತ್ತಾಳೆ. ಮರುದಿನದಿಂದ ಬೆಳಗಿನ ಚಹಾ ನನ್ನ ಪಾಲಿಗೆ ಬಂದಿದೆ.