ಸ್ಟೇರಿಂಗ್ ಇಲ್ಲದ ಹುಲ್ಲಿನ ಗಾಡಿ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ನಾನಾಗಿಯೇ ಹೇಳಿಕೊಂಡರೆ ಪರವಾಗಿಲ್ಲ, ನನ್ನ ಹೆಂಡತಿ ಹೇಳಿದರೆ ಮಾತ್ರ ಸಿಟ್ಟು ಬರುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನಿಗೆ, ಸೀಟಿ ಊದಿದ ಕೂಡಲೇ ಜನ ಸಾಲಾಗಿ ನಿಲ್ಲಬೇಕೆಂಬ ನಿರೀಕ್ಷೆ ನಿವೃತ್ತಿಯಾದ ಮೇಲೂ ಹೋಗುವುದಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ಕಂಡರೆ ಸಿಟ್ಟು. ಮದುವೆಮನೆಯಲ್ಲಿ ಉಣ್ಣುತ್ತಿರುವವರ ಬೆನ್ನ ಹಿಂದೆ ಕುರ್ಚಿ ಹಿಡಿದು ನಿಲ್ಲುವವರನ್ನು ಕಂಡರೆ ಇನ್ನೂ ಸಿಟ್ಟು. ಆದರೆ ಇವೆಲ್ಲಕ್ಕಿಂತ ದೊಡ್ಡ ಸಿಟ್ಟು ನನಗಿರುವುದು ಇಂಟರ್‌ಲಾಕ್ ಟೈಲ್ಸಿನ ಮೇಲೆ. ಈಚೆಗೆ ನಮ್ಮ ಚನ್ನಗಿರಿಯಲ್ಲಿ ಅಂಗೈಯಗಲ ಮಣ್ಣು ಕಂಡರೂ ಯಾರಿಗೋ ಮೈ ಕೆರೆತ ಶುರುವಾಗುತ್ತದೆ. ಮಾರನೆಯ ದಿನವೇ ಅಲ್ಲಿ ಟೈಲ್ಸಿನ ಲೋಡು ಬಂದು ಬೀಳುತ್ತದೆ.

ನಮ್ಮ ಸಮುದಾಯ ಭವನದ ಮುಂದೆ ಒಂದೂವರೆ ಎಕರೆ ಹುಲ್ಲುಹಾಸು ಇದೆ. ಇದೆ ಎಂದರೆ ಅದು ತಾನಾಗಿ ಬಂದಿದ್ದಲ್ಲ, ಒಂದೊಂದೇ ಹುಲ್ಲಿನ ಕಡ್ಡಿ ಊರಿಸಿ ಬೆಳೆಸಿದವನು ಭವನದ ಕಾರ್ಯದರ್ಶಿಯಾದ ನಾನು. ಮಳೆಗಾಲದಲ್ಲಿ ಅದು ಮೊಣಕಾಲುದ್ದ ಬೆಳೆಯುತ್ತಿತ್ತು. ಹೆಗಲಿಗೆ ನೇತುಹಾಕಿಕೊಳ್ಳುವ ಕಟರ್‌ನಲ್ಲಿ ಇಬ್ಬರು ಆಳು ಈ ತುದಿಯಿಂದ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿಯಲ್ಲಿ ಮತ್ತೆ ಚಿಗುರು. ಒಂದು ಆರತಕ್ಷತೆಯಲ್ಲಿ ಮದುಮಗನ ಸೋದರತ್ತೆಯ ಚಪ್ಪಲಿ ಹುಲ್ಲಿನೊಳಗೆ ಕಳೆದೇಹೋಯಿತು. ಅಧ್ಯಕ್ಷ ಮುರಿಗೆಪ್ಪನವರಿಗೆ ಅಷ್ಟೇ ಸಾಕಾಯಿತು. “ಮೇಷ್ಟ್ರೇ, ಈ ಹುಲ್ಲಿನ ಉಸಾಬರಿ ಸಾಕ್ರಿ. ಯುಗಾದಿ ಒಳಗೆ ಇಂಟರ್‌ಲಾಕ್ ಹಾಕ್ಸಿಬಿಡಾಣ” ಎಂದರು. ನನಗೆ ಎದೆಯ ಮೇಲೇ ಟೈಲ್ಸ್ ಇಟ್ಟ ಹಾಗಾಯಿತು. ದೊಡ್ಡ ಊರುಗಳಲ್ಲಿ ಕೂತುಕೊಂಡು ಹುಲ್ಲು ಕತ್ತರಿಸುವ ಗಾಡಿ ಇರುತ್ತದೆ, ನಿಂತಲ್ಲೇ ಬುಗುರಿಯ ಹಾಗೆ ತಿರುಗುತ್ತದೆ, ಅದಕ್ಕೆ ಜೀರೋ ಟರ್ನ್ ಅನ್ನುತ್ತಾರೆ, ಹಳೆಯದೊಂದನ್ನು ಹುಡುಕಿ ತರುತ್ತೇನೆ ಎಂದೆ. “ತರ್ರಿ ನೋಡಾಣ. ಅದೂ ಆಗ್ಲಿಲ್ಲ ಅಂದ್ರೆ ಟೈಲ್ಸೇ” ಎಂದು ಅವರು ಎದ್ದರು.

ನಮ್ಮಲ್ಲಿ ಹಳೆಯ ವಸ್ತು ಕೊಳ್ಳಲು ಒಬ್ಬನೇ ಹೋಗುವ ಪದ್ಧತಿಯಿಲ್ಲ. ಎತ್ತಾಗಲಿ, ಟ್ರ್ಯಾಕ್ಟರಾಗಲಿ, ತಿಳಿದವರೊಬ್ಬರನ್ನು ಕರೆದುಕೊಂಡೇ ಹೋಗಬೇಕು. ನನ್ನ ಪಾಲಿಗೆ ಬಂದ ತಿಳಿದವನು ಜಗಳೂರು ಕಡೆಯ ಬಿಳಿಚೋಡಿನ ನನ್ನ ಷಡ್ಡಕ ರುದ್ರೇಶ. ಅವನು ವಿಷಯ ಕೇಳಿದ ತಕ್ಷಣ, “ಅಣ್ಣಾರೇ, ಹುಲ್ಲು ಮೇಯ್ಸಾಕೆ ಮಷೀನು ಯಾಕ್ರಿ? ನಾನೇ ನಲವತ್ತು ಕುರಿ ಹೊಡ್ಕಂಡು ಬರ್ತೀನಿ” ಎಂದ. ಆರತಕ್ಷತೆಗೆ ಬಂದವರು ಕುರಿಹಿಕ್ಕೆ ತುಳಿಯುತ್ತಾ ಐಸ್‌ಕ್ರೀಮ್ ತಿನ್ನಬೇಕೆ ಎಂದು ಕೂಗಾಡಿದೆ. “ಗೊಬ್ರನೂ ಆಗ್ತೈತಲ್ರಿ” ಎಂದ.

ಮೊದಲ ಗಾಡಿ ನೋಡಿದ್ದು ಹೊನ್ನಾಳಿಯ ಒಬ್ಬ ಹಳೇ ಮಷೀನಿನ ವ್ಯಾಪಾರಿಯ ಹತ್ತಿರ. ಫಳಫಳ ಹೊಳೆಯುತ್ತಿತ್ತು. ರುದ್ರೇಶ ಅದರ ಸುತ್ತ ಒಂದು ಸುತ್ತು ಬಂದವನೇ ನನ್ನನ್ನು ಪಕ್ಕಕ್ಕೆಳೆದು, “ಅಣ್ಣಾರೇ, ಮೋಸ ಐತೆ. ಸ್ಟೇರಿಂಗೇ ಬಿಚ್ಕಂಡಾನೆ!” ಎಂದು ಪಿಸುಗುಟ್ಟಿದ. ಇದಕ್ಕೆ ಸ್ಟೇರಿಂಗೇ ಇರುವುದಿಲ್ಲ, ಎರಡು ಸನ್ನೆಕೋಲಿನಲ್ಲೇ ಎಲ್ಲ ನಡೆಯುತ್ತದೆ ಎಂದು ತಿಳಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಅವನು ಸೀಟಿನ ಹಿಂದೆ ಬಗ್ಗಿ ಟ್ರೇಲರ್ ಕೊಂಡಿ ಹುಡುಕತೊಡಗಿದ. ಮೋಸವಂತೂ ಇದ್ದೇ ಇತ್ತು. ಇಂಜಿನ್ನಿನ ಮೇಲೆ ಕೈಯಿಟ್ಟರೆ ಸುಡುತ್ತಿತ್ತು. ನಾವು ಬರುವ ಮೊದಲೇ ಚಾಲು ಮಾಡಿ ಬಿಸಿ ಮಾಡಿಟ್ಟರೆ, ತಣ್ಣಗಿದ್ದಾಗ ಅದು ಎಷ್ಟು ಕೆಮ್ಮುತ್ತದೆಂದು ಯಾರಿಗೆ ಗೊತ್ತಾಗಬೇಕು? ಕೇಳಿದರೆ ವ್ಯಾಪಾರಿ “ಬಿಸ್ಲಾಗೆ ನಿಂತಿತ್ತು ಸಾರ್” ಎಂದ. ಗಾಡಿ ನಿಂತಿದ್ದು ಶೆಡ್ಡಿನೊಳಗೆ! ಎಷ್ಟು ಗಂಟೆ ಓಡಿದೆಯೆಂದು ತೋರಿಸುವ ಮೀಟರಿನ ವೈರು ಕತ್ತರಿಸಿದ್ದರು. ನೆಲದ ಮೇಲೆ ಅಂಗಾತ ಮಲಗಿ ಕೆಳಗೆ ನೋಡಿದರೆ, ಬ್ಲೇಡುಗಳ ಮೇಲಿನ ತಗಡಿಗೆ ಹರಿದ ಕೌದಿಯ ಹಾಗೆ ತೇಪೆ ಬೆಸುಗೆ, ಅದರ ಮೇಲೆ ಹೊಸ ಬಣ್ಣ. ನಾನು ಎದ್ದು ಆ ವ್ಯಾಪಾರಿಗೆ ಪ್ರಾಮಾಣಿಕತೆಯ ಬಗ್ಗೆ ಅರ್ಧ ಗಂಟೆ ಪಾಠ ಮಾಡಿದೆ. ಅವನು ಶಾಂತವಾಗಿ ಕೇಳಿ, “ಸಾರ್, ಬೆನ್ನಿಗೆಲ್ಲ ಆಯಿಲ್ ಆಗೈತೆ, ಸೋಪು ಕೊಡ್ಲಾ?” ಎಂದ.

ಎರಡನೆಯದು ಸಿಕ್ಕಿದ್ದು ನ್ಯಾಮತಿ ಹತ್ತಿರ, ಮುಚ್ಚಿಹೋದ ಒಂದು ರೆಸಾರ್ಟಿನಲ್ಲಿ. ಬಣ್ಣ ಮಾಸಿ, ಸೀಟು ಹರಿದು, ನೋಡಲು ಅವಲಕ್ಷಣವಾಗಿತ್ತು. ಆದರೆ ಇಂಜಿನ್ ತಣ್ಣಗಿತ್ತು, ಒಂದೇ ಸಲಕ್ಕೆ ಹತ್ತಿಕೊಂಡಿತು. ಮೀಟರ್ ಓಡುತ್ತಿತ್ತು. ಬ್ಲೇಡು ಹಿಡಿದು ಅಲುಗಾಡಿಸಿದರೆ ಕದಲಲಿಲ್ಲ. ಅದನ್ನು ಓಡಿಸುತ್ತಿದ್ದ ಹನುಮಂತಪ್ಪ ಯಾವ ಬೆಲ್ಟು ಯಾವಾಗ ಬದಲಾಯಿಸಿದ್ದೆಂದು ಕೇಳದೆಯೇ ಹೇಳಿದ. ಅಲ್ಲೇ ಕೊಂಡೆ. ಅಂದು ನನಗೆ ನನ್ನ ಮೇಲೆ ಬಹಳ ಗೌರವ ಬಂತು.

ಗಾಡಿ ಪಿಕಪ್ಪಿನಿಂದ ಇಳಿದು ಪೂಜೆಯಾಗುತ್ತಲೇ ಇಡೀ ಕಮಿಟಿ “ಮೇಷ್ಟ್ರೇ, ಒಂದು ರೌಂಡು” ಎಂದು ಮುಗಿಬಿತ್ತು. ಹೊಸ ಗಾಡಿ ಬಂದರೆ ಎಲ್ಲರಿಗೂ ಒಂದೊಂದು ರೌಂಡ್ ಕೊಡುವುದು ನಮ್ಮೂರ ಪದ್ಧತಿ. ಮುರಿಗೆಪ್ಪನವರೂ ಪಂಚೆ ಎತ್ತಿ ಕಟ್ಟಿದ್ದರು. ನಾನು ಸುಡುವ ಕಣ್ಣಿನಿಂದ ನೋಡಿ, “ಇದೇನು ಜಾತ್ರೆಯ ತೊಟ್ಟಿಲೇನ್ರಿ? ಯಾರೂ ಮುಟ್ಟಂಗಿಲ್ಲ!” ಎಂದು ಎಲ್ಲರನ್ನೂ ಗೇಟಿನಾಚೆ ಕಳಿಸಿ, ಒಬ್ಬನೇ ಹತ್ತಿದೆ. ಸಾಸ್ವೆಹಳ್ಳಿಯ ಗದ್ದೆಯಲ್ಲಿ ನಮ್ಮಪ್ಪನ ಟ್ರ್ಯಾಕ್ಟರ್ ಓಡಿಸಿ ಬೆಳೆದವನು ನಾನು. ಬದುವಿನ ಅಂಚು ಬಂದ ಕೂಡಲೇ ಒಂದು ಗಾಲಿಯ ಬ್ರೇಕ್ ಅದುಮಿ ಇನ್ನೊಂದನ್ನು ಗಿರ್ರನೆ ತಿರುಗಿಸುವುದು ನನ್ನ ಕೈಗೆ ರೂಢಿಯಾದ ವಿದ್ಯೆ. ಇಲ್ಲೂ ಹಾಗೆಯೇ, ಪ್ರತಿ ಸಾಲಿನ ಕೊನೆಗೂ ಒಂದು ಗಾಲಿ ನಿಲ್ಲಿಸಿ ಭರ್ಜರಿಯಾಗಿ ತಿರುಗಿಸಿದೆ. ಜನ ಗೇಟಿನಾಚೆಯಿಂದ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ಬೇಕಿಲ್ಲದ ಕಡೆಯೂ ನಾಲ್ಕು ಸಲ ತಿರುಗಿಸಿದೆ.

ವಾರದೊಳಗೆ ತಿರುಗಿಸಿದಲ್ಲೆಲ್ಲ ಹುಲ್ಲು ಕಿತ್ತುಬಂದು ತಟ್ಟೆಯಗಲ ಬೋಳಾಯಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹನುಮಂತಪ್ಪನಿಗೆ ಫೋನ್ ಮಾಡಿ, ಎಂಥಾ ದರಿದ್ರ ಮಷೀನು ಕೊಟ್ಟಿರಯ್ಯಾ ಎಂದು ಜಾಡಿಸಿದೆ. ಅವನು ಪೂರ್ತಿ ಕೇಳಿ, “ಸಾರ್, ತಿರುಗ್ಸಾವಾಗ ಒಂದು ಗಾಲಿ ನಿಲ್ಲಿಸ್ತೀರೇನ್ರಿ?” ಎಂದ. ಮತ್ತೆ ಹೆಂಗೆ, ಗದ್ದೆಯಲ್ಲಿ ಹಂಗೇ ಅಲ್ಲವೇ ಎಂದೆ. “ಅದು ಗದ್ದೆ ಕಲಸಾಕೆ ಸಾರ್. ಇದು ಹುಲ್ಲು ಉಳಿಸಾಕೆ. ನಿಂತ ಗಾಲಿ ಹುಲ್ಲು ಕೀಳ್ತೈತೆ, ಎರಡೂ ಗಾಲಿ ಉರುಳ್ತಾನೇ ಇರಬೇಕ್ರಿ” ಎಂದ.

ಮುರಿಗೆಪ್ಪನವರು ಬಂದು ಬೋಳುಗಳ ನಡುವೆ ನಿಧಾನವಾಗಿ ಅಡ್ಡಾಡಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ಬ್ಯಾಸರ ಮಾಡ್ಕಬ್ಯಾಡ್ರಿ ಮೇಷ್ಟ್ರೇ. ಇಷ್ಟಿಷ್ಟಕ್ಕೆ ಮಾತ್ರ ಇಂಟರ್‌ಲಾಕ್ ಹಾಕ್ಸಿದ್ರೆ ಊಟದ ಟೇಬಲ್ ಇಡಾಕೆ ಭಾಳ ಅನುಕೂಲ” ಎಂದು ನನ್ನ ಬೆನ್ನು ತಟ್ಟಿ, ಆಳಿಗೆ ಅಳತೆಯ ಟೇಪು ತರಲು ಹೇಳಿ ಹೋದರು. ಆಮೇಲೆ ನಾನು ಬೋಳುಗಳ ಮಧ್ಯೆ ಮೊಣಕಾಲೂರಿ ಕೂತು, ಟೇಪು ಬರುವಷ್ಟರೊಳಗೆ ಎಷ್ಟಾಗುತ್ತದೋ ಅಷ್ಟು ಹುಲ್ಲಿನ ಕಡ್ಡಿ ಊರುತ್ತಾ, ಇದು ಯಾರ ಕೆಲಸವೆಂದು ಸಿಟ್ಟು ಮಾಡಿಕೊಳ್ಳಲು ಒಬ್ಬ ಮನುಷ್ಯನಿಗಾಗಿ ಬಹಳ ಹುಡುಕಿದೆ. ಅವತ್ತು ಒಬ್ಬರಿಗಾದರೂ ಒಂದು ರೌಂಡ್ ಕೊಟ್ಟಿರಬೇಕಾಗಿತ್ತು.