ಕುರಿಗಳ ಪಂಕ್ತಿಭೇದ

ಸಂಶಯ ಒಳ್ಳೆಯದಲ್ಲ ಎಂದು ಯಾರಾದರೂ ಬುದ್ಧಿ ಹೇಳಿದರೆ ನನಗೆ ಮೊದಲು ಅವರ ಮೇಲೆಯೇ ಸಂಶಯ ಬರುತ್ತದೆ. ಮಹಾರಾಷ್ಟ್ರದ ಗಡಿಯ ಉಮರಗಾದ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟವನು ನಾನು. ಕರಿಮೆಣಸಿನೊಳಗೆ ಪಪ್ಪಾಯಿ ಬೀಜ ಸೇರಿಕೊಳ್ಳುವ ಕಾಲದಲ್ಲಿ ಎದುರಿನವರು ಕೈಮುಗಿದು ‘ಶರಣು’ ಎಂದರೂ ಆ ಎರಡು ಅಂಗೈಗಳ ನಡುವೆ ಏನಿದೆಯೋ ಎಂದು ಇಣುಕುವ ಚಟ ನನ್ನದು. ಹೆಂಡತಿ ಮಹಾದೇವಿ ಇದನ್ನು ರೋಗ ಎನ್ನುತ್ತಾಳೆ. ನಾನು ಅನುಭವ ಎನ್ನುತ್ತೇನೆ.

ತುರೋರಿಯ ಹತ್ತಿರ ನಮಗೆ ಒಂದಿಷ್ಟು ಹೊಲವಿದೆ, ಅಲ್ಲಿ ಮಹಾದೇವಿಯ ಕುರಿಗಳಿವೆ. ಮಹಾದೇವಿಯವು ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆಗೆ ಕುರಿ ಯಾತಕ್ಕೆ ಎಂದು ಕಣ್ಣು ಮಿಟುಕಿಸಿ ಕೇಳುವವರಿದ್ದಾರೆ. ಗೊಬ್ಬರಕ್ಕೆ ಎಂದರೆ ನಂಬುವುದಿಲ್ಲ. ಆ ಕುರಿಗಳಲ್ಲಿ ಲಚ್ಚಿ ಎಂಬುದು ಅವಳ ಜೀವ. ತಾಯಿ ಸತ್ತ ಮರಿಯನ್ನು ಗುಂಜೋಟಿಯ ತವರಿನಿಂದ ಮಡಿಲಲ್ಲಿಟ್ಟುಕೊಂಡು ಬಂದು, ಬಾಟಲಿ ಹಾಲು ಕುಡಿಸಿ ಬೆಳೆಸಿದ್ದಳು. ಈ ಮಳೆಗಾಲದಲ್ಲಿ ಲಚ್ಚಿ ಸೊರಗಿತು. ಗದ್ದದ ಕೆಳಗೆ ನೀರು ತುಂಬಿದ ಬಾವು ಬಂತು. ಹೊಟ್ಟೆಯೊಳಗಿನ ಹುಳ ರಕ್ತ ಹೀರಿದರೆ ಬರುವ ಬಾವು ಅದು. ಇಂಥದ್ದೇ ಬಾವಿನಿಂದ ಆಗಲೇ ಒಂದು ಕುರಿ ಸತ್ತಿತ್ತು.

“ಲಚ್ಚಿಗೇನರ ಆಯ್ತಂದ್ರ ನೋಡ್ರಿ ಮತ್ತ!” ಎಂದಳು ಮಹಾದೇವಿ. ಆ ‘ಮತ್ತ’ದ ಮುಂದೇನು ಎಂದು ಕೇಳುವ ಧೈರ್ಯ ಸಂಸಾರಸ್ಥನಿಗೆ ಇರುವುದಿಲ್ಲ.

ಜಂತಿನ ಔಷಧವನ್ನೇನು ನಾನು ತಪ್ಪಿಸಿರಲಿಲ್ಲ. ಹಾಗಾದರೆ ಔಷಧದಲ್ಲೇ ಮೋಸವಿರಬೇಕು. ಬಾಟಲಿ ಹಿಡಿದುಕೊಂಡು ಔಷಧದ ಅಂಗಡಿಗೆ ಹೋಗಿ ನೀರು ಬೆರೆಸಿದ್ದೀಯಾ ಎಂದು ಕೇಳಿಯೇ ಬಿಟ್ಟೆ. ಅವನು ಶಾಂತವಾಗಿ, “ಶೇಠ, ಸೀಲ್ ನೀವೇ ಒಡದೀರಿ” ಎಂದ. “ಸೀಲ್ ಹಾಕೂದು ನಮಗೂ ಬರ್ತದಪಾ” ಎಂದೆ. ಅಂಗಡಿಯಲ್ಲಿದ್ದ ನಾಲ್ಕು ಜನ ತಿರುಗಿ ನನ್ನನ್ನು ನೋಡಿದರು. ಅಂಥ ಮಾತನ್ನು ವ್ಯಾಪಾರಸ್ಥ ಹೊರಗೆ ಆಡಬಾರದಿತ್ತು.

ಕೊನೆಗೆ ಲಚ್ಚಿಯ ಹಿಕ್ಕೆಯನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಉದಗೀರದ ಪಶುವೈದ್ಯರ ಬಳಿಗೆ ಬಸ್ಸು ಹತ್ತಿದೆ. ನಿಲಂಗಾದಲ್ಲಿ ಪಕ್ಕಕ್ಕೆ ಬಂದು ಕೂತ ಮುದುಕ ಡಬ್ಬಿಯನ್ನೇ ನೋಡುತ್ತ, “ಪ್ರಸಾದ ಆಹೆ ಕಾ, ಶೇಠ?” ಪ್ರಸಾದವೇ ಎಂದು ಮರಾಠಿಯಲ್ಲಿ ಕೇಳಿದ. ಹೌದೆಂದರೆ ಕೈ ಚಾಚುತ್ತಾನೆ, ಅಲ್ಲವೆಂದರೆ ಜಿಪುಣ ಎನ್ನುತ್ತಾನೆ. ಡಬ್ಬಿಯನ್ನು ಎದೆಗೆ ಅವುಚಿಕೊಂಡು ಕಿಟಕಿಯ ಹೊರಗೆ ನೋಡಿದೆ. ಉದಗೀರ ಬರುವವರೆಗೂ ಅವನು ನನ್ನ ಮೇಲಿನ ಕಣ್ಣು ತೆಗೆಯಲಿಲ್ಲ. ನನ್ನಂಥವನೇ ಇನ್ನೊಬ್ಬ ಸಿಕ್ಕನಲ್ಲ ಎಂದು ಒಳಗೊಳಗೇ ಗೌರವ ಮೂಡಿತು.

ವೈದ್ಯರು ಬೀದರ ಕಡೆಯ ಹೆಣ್ಣುಮಗಳು. ಹಿಕ್ಕೆಯನ್ನು ಪರೀಕ್ಷಿಸಿ, “ಔಷಧ ಖರೇನ ಅದರೀ. ಹುಳಾನ ಅದಕ್ಕ ಒಗ್ಗಿ ಹೋಗ್ಯಾವ. ಕುಡಿಸಿದ ಮ್ಯಾಲೂ ಹುಳದ ತತ್ತಿ ಹಂಗೇ ಅದಾವ ನೋಡ್ರಿ. ನೀವು ಹೆಂಗ ಕುಡಿಸ್ತೀರಿ?” ಎಂದರು.

ನಾನು ಎದೆಯುಬ್ಬಿಸಿ ಹೇಳಿದೆ. ನಮ್ಮದು ದಾಸೋಹದ ಮನೆತನ, ಪಂಕ್ತಿಭೇದ ಎಂಬುದು ನಮ್ಮಲ್ಲಿಲ್ಲ. ದಪ್ಪ, ಸಣಕಲು, ಗಟ್ಟಿಮುಟ್ಟು, ರೋಗಿಷ್ಠ, ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ಪ್ರತಿ ಅಮಾವಾಸ್ಯೆಗೆ ಅದೇ ಔಷಧ, ಸಮನಾಗಿ ಒಂದೊಂದು ಚಮಚ.

“ಅಯ್ಯ ನಿಮ್ಮ! ತೀರ್ಥ ಕೊಟ್ಟಂಗ ಕೊಟ್ಟೀರಲ್ರೀ!” ಎಂದು ಅವರು ಹಣೆ ಹಣೆ ಬಡಿದುಕೊಂಡರು. “ಅರೆಬರೆ ಔಷಧ ಕುಡದು ಸಾಯದ ಉಳದ ಹುಳಾನ ವಂಶ ಬೆಳಸ್ತಾವ. ಆ ವಂಶಕ್ಕ ಆ ಔಷಧದ ಅಂಜಿಕಿ ಇರೂದಿಲ್ಲ. ಇನ್ನ ಮ್ಯಾಲೆ ಪಂಕ್ತಿಭೇದ ಮಾಡ್ರಿ. ಕೆಳಗಿನ ಕಣ್ಣರೆಪ್ಪಿ ಬಿಡಿಸಿ ನೋಡ್ರಿ. ಒಳಗ ಕೆಂಪಿದ್ರ ಬಿಡ್ರಿ, ಬೆಳ್ಳಗಿದ್ರಷ್ಟ ಕುರಿ ತೂಕಾ ಮಾಡಿ, ಅದಕ್ಕ ತಕ್ಕಷ್ಟು ಕುಡಿಸ್ರಿ.”

ಲಚ್ಚಿಯ ಜೀವ ಉಳಿಸಲು ಬೇರೆ ಜಾತಿಯ ಔಷಧವನ್ನು ಒಂದು ಸಲಕ್ಕೆ ಕೊಟ್ಟರು. ಅದರ ಜೊತೆಗೆ ಮುತ್ತಲ ಮರದ ಬೀಜ, ಅಜವಾನ ಅಂದರೆ ಓಮ ಕುಟ್ಟಿದ ಪುಡಿಯನ್ನು ಎಷ್ಟು, ಹೇಗೆ ಕೊಡಬೇಕೆಂದು ಹೇಳಿದರು, ಮೇಯಲು ಜಾಲಿ ಸೊಪ್ಪು ಹಾಕಿ ಎಂದರು. “ಈ ಪುಡೀನ ನಾವೂ ಇನ್ನೂ ಪರೀಕ್ಷಾ ಮಾಡ್ಲಿಕತ್ತೀವಿ. ಹುಳಾ ಪೂರಾ ಹೋಗ್ತಾವಂತ ಮಾತು ಕೊಡೂದಿಲ್ಲ. ತತ್ತಿ ಕಡಿಮಿ ಆದ್ರ ಔಷಧದ ಮ್ಯಾಲಿನ ಭಾರ ಇಳೀತದ” ಎಂದರು.

ಬಸ್ಸಿನಲ್ಲಿ ಮರಳುವಾಗ ಸಂಶಯ ಮತ್ತೆ ತಲೆಯೆತ್ತಿತು. ಬದುವಿನ ಮೇಲೆ ಪುಕ್ಕಟೆ ಬೆಳೆದಿರುವುದನ್ನು ಬರೆದುಕೊಡುವ ಡಾಕ್ಟರರೂ ಇದ್ದಾರೆಯೇ? ಮಾತು ಕೊಡುವುದಿಲ್ಲ ಎಂದು ಬಾಯಿಬಿಟ್ಟು ಹೇಳುವವರು? ಇದರಲ್ಲಿ ಏನೋ ಇದೆ. ಆದರೂ ಮನೆಗೆ ಬಂದು ಮಹಾದೇವಿಗೆ ಎಲ್ಲವನ್ನೂ ಹೇಳಿ, “ಅಜವಾನ ಅಂತೂ ನಮ್ಮ ಅಂಗಡ್ಯಾಗೇ ಅದ” ಎಂದೆ. ಅವಳು “ಹೂಂ” ಎಂದಳು.

ಮುಂದಿನ ದಿನಗಳಲ್ಲಿ ನಾನು ಹೊಲಕ್ಕೆ ಹೋಗಿ ಕುರಿಗಳ ಕಣ್ಣರೆಪ್ಪೆ ಬಿಡಿಸುತ್ತ ಕೂತೆ. ಲಚ್ಚಿಯದು ಸುಣ್ಣದ ಗೋಡೆಯಷ್ಟು ಬೆಳ್ಳಗಿತ್ತು. ಮಹಾದೇವಿ ಅದರ ಪಕ್ಕದಲ್ಲೇ ಕೂತು ಪುಡಿ ತಿನ್ನಿಸಿ, ಸೊಪ್ಪು ಹಾಕಿ, ಕಿವಿಯಲ್ಲಿ ಏನೇನೋ ಹೇಳುತ್ತಿದ್ದಳು. ಮೆಲ್ಲಗೆ ಬಾವು ಇಳಿಯಿತು. ರೆಪ್ಪೆಯೊಳಗೆ ಗುಲಾಬಿ ಬಣ್ಣ ಬಂತು. ಎರಡನೆಯ ಸಲ ಒಯ್ದ ಹಿಕ್ಕೆಯ ಡಬ್ಬಿಯನ್ನು ಪರೀಕ್ಷಿಸಿದ ವೈದ್ಯರು ತತ್ತಿ ಬಹಳ ಕಡಿಮೆಯಾಗಿವೆ ಎಂದರು. ಸುದ್ದಿ ಕೇಳಿ ಮಹಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂದು ನನಗೆ ಆದ ಸಂತೋಷದಲ್ಲಿ ಮಾತ್ರ ಎಳ್ಳಷ್ಟೂ ಕಲಬೆರಕೆ ಇರಲಿಲ್ಲ.

ಸಂತೋಷ ಹೆಚ್ಚಾಗಿ ನಾನು ಹೊಸ ಔಷಧವನ್ನೂ ಮುತ್ತಲ ಬೀಜವನ್ನೂ ಮರೆತೆ. ಬಂದ ಗಿರಾಕಿಗಳಿಗೆಲ್ಲ, “ಸಾಯೋ ಕುರಿ ಉಳಿಸಿದ್ದು ನಮ್ಮ ಅಂಗಡಿ ಅಜವಾನ!” ಎಂದು ಹೇಳತೊಡಗಿದೆ. ಊಟ ತಂದಿದ್ದ ಮಹಾದೇವಿ ಇದನ್ನು ಕೇಳಿ, ಗಿರಾಕಿ ಹೋಗುವವರೆಗೆ ಕಾದಳು.

“ಅದು ನಿಮ್ಮ ಅಂಗಡೀದಲ್ರೀ. ಲೋಹಾರಾ ಪೇಟಿಯಿಂದ ತರಿಸೀನಿ.”

“ಯಾಕ? ನಮ್ಮ ಮಾಲಿಗೆ ಏನಾಗ್ಯಾದ?”

“ಗಿರಾಕಿ ಬ್ಯಾಡಂತ ವಾಪಸ್ ಮಾಡಿದ್ದನ್ನ ನೀವು ಮನಿಗೆ ಕಳಸ್ತೀರಿ. ಇಷ್ಟು ವರ್ಷ ಅಡಗಿ ಮಾಡೀನಿ, ನನಗ ಗೊತ್ತಿಲ್ಲೇನು? ನನ್ನ ಲಚ್ಚಿ ಜೀವದ ಮಾತಿತ್ತು. ಹೆಂಗ ನಂಬಲಿ?”

ನಾನು ಊಟದ ಡಬ್ಬಿ ತೆರೆದೆ. ಬಿಸಿ ಧಪಾಟಿ ರೊಟ್ಟಿ, ಮೇಲೆಲ್ಲ ಅಜವಾನದ ಕಾಳು. ಒಂದು ತುತ್ತು ಮುರಿದು, ಬಾಯಿಗಿಡುವ ಮುನ್ನ, “ಇದು ಲೋಹಾರಾದ್ದೇ ಏನು?” ಎಂದು ಆಸೆಯಿಂದ ಕೇಳಿದೆ.

“ಅದು ಕುರಿಗೆ. ನೀವು ಉಣ್ರಿ, ಇದು ನಿಮ್ಮ ಅಂಗಡೀದ” ಎಂದಳು.